ಸಣ್ಣ ಕ್ಯಾಮೆರಾ ಮತ್ತು ಅದರ ಮುಕ್ಕಾಲಿ

ದಿಲ್ಲಿಯ ಲೋಧಿ ಕಾಲೋನಿಯನ್ನು ನಮ್ಮ ವಾಚಕರಲ್ಲಿ ಅನೇಕರು ದಿನವೂ ಕಾಣುವರು. 1940ರ ದಶಕದಲ್ಲಿ ಸರ್ಕಾರಿ ನೌಕರರಿಗೆಂದು ಕಟ್ಟಲ್ಪಟ್ಟ ಈ ವಸತಿಯಲ್ಲಿ ಎತ್ತರವಾದ ಕಮಾನುಗಳೂ ವಿಶಾಲವಾದ ಗೋಡೆಗಳೂ ಇವೆ. 2015ರಿಂದೀಚೆಗೆ ಖನ್ನಾ ಮಾರ್ಕೆಟ್ಟಿಗೂ ಮೆಹರ್‌ಚಂದ್ ಮಾರ್ಕೆಟ್ಟಿಗೂ ನಡುವಣ ಬೀದಿಗಳಲ್ಲಿ ಸ್ಟಾರ್ಟ್ ಇಂಡಿಯಾ ಎಂಬ ಸಂಸ್ಥೆಯ ಪ್ರಯತ್ನದಿಂದ ದೇಶವಿದೇಶಗಳ ಕಲಾವಿದರು ಈ ಗೋಡೆಗಳ ಮೇಲೆ ಚಿತ್ರ ಬರೆದಿದ್ದಾರೆ. ಅವರಲ್ಲಿ ಡಾಕು ಎಂಬ ಹೆಸರಿನಿಂದ ಕೆಲಸ ಮಾಡುವ ಕಲಾವಿದನು 2016ರಲ್ಲಿ ಬಣ್ಣವನ್ನು ಬಿಟ್ಟು ಬೇರೊಂದು ಉಪಾಯ ಹೂಡಿದನು. ಅಕ್ಷರಗಳನ್ನು ಗೋಡೆಯಿಂದ ಹೊರಕ್ಕೆ ಚಾಚುವಂತೆ ನೆಟ್ಟು, ಬಿಸಿಲು ಬಿದ್ದಾಗ ಅವುಗಳ ನೆರಳೇ ಗೋಡೆಯ ಮೇಲೆ ಮಾತುಗಳಾಗಿ ಮೂಡುವಂತೆ ಮಾಡಿದನು. ಸೂರ್ಯನು ಸರಿದಂತೆ ಆ ಮಾತುಗಳೂ ಸರಿದು ಓರೆಯಾಗಿ ಅಳಿಯುತ್ತಿದ್ದುವು.

ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳಿಗೆ ತಾವೂ ನೆರಳಿನ ನಡೆಯನ್ನು ಚಿತ್ರದಲ್ಲಿ ಹಿಡಿಯಬೇಕೆಂಬ ಆಸೆ ಹುಟ್ಟಿತು. ಕಾಲೋನಿಯಲ್ಲಿ ದಕ್ಷಿಣಕ್ಕೆ ಮುಖಮಾಡಿದ ಒಂದು ಗೋಡೆ. ಅದರ ಮುಂದೊಂದು ಬೇವಿನ ಮರ. ಚಳಿಗಾಲದಲ್ಲಿ ದಿಲ್ಲಿಯ ಸೂರ್ಯನು ದಕ್ಷಿಣದ ಕಡೆಗೆ ತಗ್ಗಿ ನಡೆಯುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನಲ್ಲಿಯೂ ಅವನ ಎತ್ತರ ಸುಮಾರು 38 ಅಂಶ ಮಾತ್ರ. ಆದುದರಿಂದ ಅಂಥ ಗೋಡೆಗೆ ದಿನವೆಲ್ಲ ಬಿಸಿಲು. ಎದುರಿಗೆ ನಿಂತು ನೋಡುವವರಿಗೆ ಮರದ ನೆರಳು ಎಡದಿಂದ ಬಲಕ್ಕೆ ತೆವಳುತ್ತದೆ. ಬೆಳಗಿನ 9 ಗಂಟೆಯಿಂದ ಸಂಜೆ 4ರ ವರೆಗೆ ನಿಮಿಷಕ್ಕೊಂದರಂತೆ ತೆಗೆದರೆ 420 ಚಿತ್ರಗಳು. ಅವನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ಹದಿನೇಳೂವರೆ ಸೆಕೆಂಡಿನ ಚಲನಚಿತ್ರ. ವಿದ್ಯಾರ್ಥಿಯೊಬ್ಬನು ಅವನ ತಂದೆಯವರನ್ನು ಬೇಡಿ ಜೇಬಿನಲ್ಲಿ ಹಿಡಿಸುವಂಥ ಒಂದು ಕ್ಯಾಮೆರಾವನ್ನು ತಂದನು. ಅದರ ತೂಕ 300 ಗ್ರಾಂ. ಮುಕ್ಕಾಲಿ, ಎಂದರೆ ಟ್ರೈಪಾಡ್, ನಮ್ಮಲ್ಲಿದ್ದ ಹಳೆಯದೊಂದು.

ಹನ್ನೆರಡೂವರೆಯ ಸುಮಾರಿಗೆ ಬ್ಯಾಟರಿ ಮುಗಿಯಿತು. ಸಣ್ಣ ಕ್ಯಾಮೆರಾಗಳ ಬ್ಯಾಟರಿ ಸಣ್ಣದು. ಇನ್ನೂರು ಚಿತ್ರಗಳಿಗಿಂತ ಸ್ವಲ್ಪ ಹೆಚ್ಚು ಕೊಟ್ಟದ್ದೇ ದೊಡ್ಡದು. ಬೇರೆ ಬ್ಯಾಟರಿ ಸಿದ್ಧವಾಗಿತ್ತು. ಆದರೆ ಅದನ್ನು ಹಾಕುವ ಬಾಗಿಲು ಕ್ಯಾಮೆರಾದ ತಳದಲ್ಲಿ, ಮುಕ್ಕಾಲಿಯ ತಿರುಪು ಕೂರುವ ತೂತಿನ ಪಕ್ಕದಲ್ಲಿಯೇ ಇತ್ತು! ತಿರುಪನ್ನು ಬಿಚ್ಚಿ, ಬ್ಯಾಟರಿ ಬದಲಿಸಿ, ಮತ್ತೆ ತಿರುಗಿಸಿ ಕೂರಿಸಿದೆವು. ಆ ಅವಸರದಲ್ಲಿ ಕ್ಯಾಮೆರಾ ಒಮ್ಮೆ ಕೈಜಾರಿ ಹುಡುಗನ ಮಡಿಲಿಗೆ ಬಿತ್ತು. ನೆಲಕ್ಕೆ ಬೀಳಲಿಲ್ಲವೆಂಬುದು ನಮ್ಮ ಪುಣ್ಯ. ಸಂಜೆ ಚಿತ್ರಗಳನ್ನು ಓಡಿಸಿ ನೋಡಿದರೆ ಒಂಬತ್ತನೆಯ ಸೆಕೆಂಡಿನಲ್ಲಿ ಇಡೀ ಗೋಡೆಯೇ ಪಕ್ಕಕ್ಕೆ ಜಿಗಿಯಿತು. ಒಂದು ಭಾನುವಾರ ವ್ಯರ್ಥವಾಯಿತು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಕ್ಯಾಮೆರಾ ಒಂದೇ ಒಂದು ಅಂಶದಷ್ಟು ತಿರುಗಿದರೆ, 10 ಮೀಟರು ದೂರದ ಗೋಡೆಯ ಮೇಲೆ ಅದರ ನೋಟ ಸುಮಾರು 17 ಸೆಂಟಿಮೀಟರು ಸರಿಯುತ್ತದೆ. ಇದನ್ನು ತ್ರಿಕೋನಮಿತಿ ಬಲ್ಲ ಮೇಲಿನ ತರಗತಿಯವರು ತಾವೇ ತಾಳೆನೋಡಬಹುದು. ಕೈಯಿಂದ ಕೂರಿಸಿದ ತಿರುಪು ಒಂದು ಅಂಶದ ಒಳಗೆ ಹಿಂದಿನ ಜಾಗಕ್ಕೇ ಬಂದೀತೆಂದು ನಂಬುವುದು ಹೇಗೆ?

ಈ ತೊಂದರೆಗೆ ಪರಿಹಾರವೆಂದು ಬಂದಿರುವುದೇ ಕ್ವಿಕ್ ರಿಲೀಸ್ ಎಂಬ ಸಾಧನ. ಇದರಲ್ಲಿ ಎರಡು ಭಾಗಗಳು. ಲೋಹದ ಚಿಕ್ಕ ಪ್ಲೇಟೊಂದನ್ನು ಕ್ಯಾಮೆರಾದ ತಳಕ್ಕೆ ತಿರುಪಿನಿಂದ ಬಿಗಿದು ಅಲ್ಲಿಯೇ ಬಿಡುವುದು. ಮುಕ್ಕಾಲಿಯ ತಲೆಯ ಮೇಲೆ ಆ ಪ್ಲೇಟನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಇರುವುದು. ಕ್ಲ್ಯಾಂಪನ್ನು ಸಡಿಲಿಸಿದರೆ ಕ್ಯಾಮೆರಾ ಪ್ಲೇಟಿನೊಡನೆ ಕೈಗೆ ಬರುತ್ತದೆ. ಹೆಸರಿನಲ್ಲಿ ವೇಗವೇ ಮುಂದಾಗಿದ್ದರೂ ನಮ್ಮ ಮತದಲ್ಲಿ ಇದರ ನಿಜವಾದ ಗುಣ ಬೇರೆ: ತೆಗೆದ ಕ್ಯಾಮೆರಾವನ್ನು ತೆಗೆದ ಜಾಗದಲ್ಲಿಯೇ ಮರಳಿ ಇಡುವುದು. ಅಂಗಡಿಯಲ್ಲಿ ಈ ಗುಣವನ್ನೇ ಪರೀಕ್ಷಿಸಬೇಕು.

ಬಳಕೆಯಲ್ಲಿರುವ ಬಗೆಗಳಲ್ಲಿ ಎರಡು ಮುಖ್ಯ. ಇಟಲಿಯ ಮ್ಯಾನ್‌ಫ್ರೊಟ್ಟೊ ಕಂಪನಿಯ ಆರ್‌ಸಿ2 ಎಂಬುದರಲ್ಲಿ ಪ್ಲೇಟನ್ನು ಮೇಲಿನಿಂದ ಇಟ್ಟು ಒತ್ತಿದೊಡನೆ ಸನ್ನೆ ತಾನಾಗಿ ಮುಚ್ಚಿಕೊಂಡು ಹಿಡಿಯುತ್ತದೆ. ಪ್ಲೇಟಿಗೆ ಒಂದೇ ಜಾಗ. ಎಲ್ಲಿ ಇಡಬೇಕೆಂಬ ಸಂಶಯವಿಲ್ಲ. ಆದರೆ ಆ ಪ್ಲೇಟು ದೊಡ್ಡ ಕ್ಯಾಮೆರಾಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಸಣ್ಣ ಕ್ಯಾಮೆರಾದ ತಳಕ್ಕೆ ಅದನ್ನು ಬಿಗಿದರೆ ಬ್ಯಾಟರಿಯ ಬಾಗಿಲು ಮುಚ್ಚಿಹೋಗುವ ಸಂಭವವೇ ಹೆಚ್ಚು. ಬಾಗಿಲು ಮುಚ್ಚಿತೆಂದರೆ ಪ್ಲೇಟನ್ನೇ ಬಿಚ್ಚಬೇಕು. ಆಗ ಕ್ವಿಕ್ ರಿಲೀಸ್ ಇದ್ದೂ ಇಲ್ಲದಂತೆ.

ಇನ್ನೊಂದು ಆರ್ಕಾ-ಸ್ವಿಸ್ ಎಂಬ ಕಂಪನಿಯ ಹೆಸರಿನಿಂದ ಪ್ರಸಿದ್ಧವಾದ ಬಗೆ. ಇದರ ಪ್ಲೇಟಿನ ಎರಡು ಪಕ್ಕಗಳು ಓರೆಯಾಗಿದ್ದು ತಳಭಾಗ ಅಗಲವಾಗಿರುತ್ತದೆ. ಕ್ಲ್ಯಾಂಪಿನ ಎರಡು ದವಡೆಗಳು ಆ ಓರೆಯನ್ನು ಮೇಲಿನಿಂದ ತಬ್ಬಿ ಹಿಡಿಯುತ್ತವೆ. ಬಡಗಿಯು ಪೆಟ್ಟಿಗೆಯ ಮೂಲೆಗಳಲ್ಲಿ ಹಲಗೆಗಳನ್ನು ಓರೆಹಲ್ಲುಗಳಿಂದ ಕೂಡಿಸುವುದನ್ನು ಕಂಡವರಿಗೆ ಇದರ ಬಲ ಸುಲಭವಾಗಿ ತಿಳಿಯುವುದು. ಪ್ಲೇಟಿನ ಅಗಲ ಸುಮಾರು 38 ಮಿಲಿಮೀಟರು, ಉದ್ದ ಬೇಕಾದಷ್ಟು. ಅನೇಕ ಕಂಪನಿಗಳು ಇದೇ ಆಕಾರವನ್ನು ಅನುಸರಿಸುವುದರಿಂದ ಸಣ್ಣ ಕ್ಯಾಮೆರಾಕ್ಕೆ ತಕ್ಕ ಗಿಡ್ಡ ಪ್ಲೇಟುಗಳೂ ದೊರೆಯುತ್ತವೆ. ಎಲ್ಲರೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಅಳತೆಯನ್ನು ಪಾಲಿಸುವರೆಂದು ತಿಳಿಯಬಾರದು. ಸನ್ನೆಯಿಂದ ಮುಚ್ಚುವ ಕ್ಲ್ಯಾಂಪ್ ಬೇಗ ಕೆಲಸ ಮಾಡಿದರೂ ಬೇರೆ ಕಂಪನಿಯ ಪ್ಲೇಟು ಅದರಲ್ಲಿ ಸಡಿಲವಾಗಬಹುದು. ಗುಂಡಿಯನ್ನು ತಿರುಗಿಸಿ ಬಿಗಿಯುವ ಕ್ಲ್ಯಾಂಪ್ ನಿಧಾನವಾದರೂ ಪ್ಲೇಟಿಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ವಿದ್ಯಾರ್ಥಿಗಳಿಗೆ ನಾವು ಈ ಎರಡನೆಯದನ್ನೇ ಹೇಳುವೆವು. ನಿಮಿಷಕ್ಕೊಂದು ಚಿತ್ರ ತೆಗೆಯುವವನಿಗೆ ಐದು ಸೆಕೆಂಡಿನ ಉಳಿತಾಯ ಯಾವ ಲೆಕ್ಕ?

ಆದರೂ ಇದರಲ್ಲಿ ಒಂದು ಕೊರತೆಯುಂಟು. ಪ್ಲೇಟು ದವಡೆಗಳ ನಡುವೆ ಹಿಂದೆಮುಂದೆ ಜಾರಬಲ್ಲದು. ಪ್ಲೇಟಿನ ಮೇಲೂ ಕ್ಲ್ಯಾಂಪಿನ ಮೇಲೂ ಒಂದೇ ನೇರದಲ್ಲಿ ಬಿಳಿಯ ಗೆರೆ ಎಳೆದಿಟ್ಟರೆ ಈ ಕೊರತೆ ತೀರಿತು.

ತಿರುಪಿನ ವಿಷಯ ಇನ್ನೂ ಮುಖ್ಯವಾದುದು. ಕ್ಯಾಮೆರಾದ ತಳದ ತೂತು ಜಗತ್ತಿನೆಲ್ಲೆಡೆ ಸಾಮಾನ್ಯವಾಗಿ ಕಾಲು ಅಂಗುಲದ್ದು, ಅಂಗುಲಕ್ಕೆ 20 ಸುತ್ತು. ಮಿಲಿಮೀಟರಿನಲ್ಲಿ ಹೇಳುವುದಾದರೆ ದಪ್ಪ 6.35, ಸುತ್ತಿನಿಂದ ಸುತ್ತಿಗೆ ಅಂತರ 1.27. ಪ್ಲೇಟಿನ ತಿರುಪು ಕಳೆದುಹೋದಾಗ ಮೂಲೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ 6 ಮಿಲಿಮೀಟರಿನ ಬೋಲ್ಟನ್ನು ಕೊಟ್ಟಾರು. ಕಣ್ಣಿಗೆ ಅದೇ ಇದು. ಆದರೆ ಅದರ ಅಂತರ 1 ಮಿಲಿಮೀಟರು. ಬಲವಂತದಿಂದ ತಿರುಗಿಸಿದರೆ ಕ್ಯಾಮೆರಾದ ಒಳಸುತ್ತುಗಳು ಕೆಡುವುವು. ತಿರುಪು ತೂತಿಗಿಂತ ಉದ್ದವಾದರೂ ಅಪಾಯವೇ. ಬೆರಳಿನಿಂದ ಸಲೀಸಾಗಿ ತಿರುಗುವಷ್ಟು ತಿರುಗಿಸಿ, ಕೊನೆಯಲ್ಲಿ ನಾಣ್ಯದಿಂದ ಸ್ವಲ್ಪ ಬಿಗಿದರೆ ಸಾಕು. ಗ್ಯಾರೇಜಿನವರ ಬಲ ಇಲ್ಲಿ ಬೇಡ.

ಇಷ್ಟು ಬಿಗಿದರೂ ಸಣ್ಣ ಕ್ಯಾಮೆರಾ ಪ್ಲೇಟಿನ ಮೇಲೆ ಹೊರಳುವುದುಂಟು. ಅದರ ಭಾರವಲ್ಲ ಇದಕ್ಕೆ ಕಾರಣ, ಗುಂಡಿ ಒತ್ತುವ ನಮ್ಮ ಬೆರಳು! ತಿರುಪು ಒಂದೇ ಆದುದರಿಂದ ಅದೇ ಅಚ್ಚಾಗಿ ಕ್ಯಾಮೆರಾ ತಿರುಗುತ್ತದೆ. ಪ್ಲೇಟಿನ ಮೇಲ್ಮೈಯಲ್ಲಿ ಬೆಂಡಿನ ಅಥವಾ ತೆಳುವಾದ ರಬ್ಬರಿನ ಪದರ ಇದೆಯೇ ಎಂದು ನೋಡಬೇಕು. ಕ್ಯಾಮೆರಾದ ಬೆನ್ನಿಗೆ ತಾಗಿ ನಿಲ್ಲುವ ಚಿಕ್ಕ ಅಂಚುಳ್ಳ ಪ್ಲೇಟು ಇನ್ನೂ ಮೇಲು. ಆ ಅಂಚು ಹಿಂದಿನ ಪರದೆ ಬಾಗುವುದಕ್ಕೆ ಅಡ್ಡಬರಬಾರದು, ಅಷ್ಟೆ.

ಇದೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾವು ಚಾಂದನಿ ಚೌಕದ ಕೂಚಾ ಚೌಧರಿಗೆ ಹೋದೆವು. ಕ್ಯಾಮೆರಾದ ಅಂಗಡಿಗಳೇ ತುಂಬಿದ ಓಣಿ ಅದು. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದೇ ಹೋಗಿದ್ದೆವು. ಚಿತ್ರ ನೋಡಿ ಪ್ಲೇಟು ಕೊಳ್ಳುವುದು ಕಾಲಿನ ಅಳತೆ ಕೊಡದೆ ಜೋಡು ಕೊಂಡಂತೆ. ನಾಲ್ಕು ಪ್ಲೇಟುಗಳನ್ನು ತಳಕ್ಕೆ ಹಿಡಿದು ಬಾಗಿಲನ್ನು ತೆರೆದು ನೋಡಿದೆವು. ಮೂರಕ್ಕೆ ಬಾಗಿಲು ತಗಲಿತು. ನಾಲ್ಕನೆಯದು ಎಲ್ಲಕ್ಕಿಂತ ಗಿಡ್ಡದು. ಅದನ್ನು ಒಂದು ಪಕ್ಕಕ್ಕೆ ಸರಿಸಿ ಬಿಗಿದಾಗ ಬಾಗಿಲು ಸರಾಗವಾಗಿ ತೆರೆಯಿತು. ಅಂಗಡಿಯಾತನು ಸ್ವಲ್ಪ ಬೇಸರಗೊಂಡನಾದರೂ ಬಾಯಿಬಿಟ್ಟು ಏನೂ ಹೇಳಲಿಲ್ಲ.

ಒಂದು ಸೂಚನೆಯನ್ನು ಇಲ್ಲಿಯೇ ಸೇರಿಸುವೆವು. ಸಮೀಪದ ಲೋಧಿ ಉದ್ಯಾನದ ಗೋರಿಗಳಂಥ ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿಯನ್ನು ಹೂಡಲು ಪುರಾತತ್ತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಕಾಲೋನಿಯ ಗೋಡೆಗಳ ಹಿಂದೆ ಸಂಸಾರಗಳು ವಾಸಿಸುತ್ತವೆ. ಅವರನ್ನು ಕೇಳದೆ ಕಿಟಕಿಯ ಎದುರು ಏಳು ಗಂಟೆ ಕ್ಯಾಮೆರಾ ನಿಲ್ಲಿಸುವುದು ಮರ್ಯಾದೆಯಲ್ಲ. ನಾವು ಕೇಳಿದ ಮನೆಯ ತಾಯಿಯವರು ಒಪ್ಪಿದ್ದಲ್ಲದೆ ಮಕ್ಕಳಿಗೆ ಚಹವನ್ನೂ ಕಳುಹಿಸಿದರು.

ಎರಡನೆಯ ಭಾನುವಾರವೂ ಹನ್ನೆರಡೂವರೆಯ ಸುಮಾರಿಗೇ ಬ್ಯಾಟರಿ ಮುಗಿಯಿತು. ಗುಂಡಿಯನ್ನು ಸಡಿಲಿಸಿ, ಕ್ಯಾಮೆರಾವನ್ನು ತೆಗೆದು, ಬ್ಯಾಟರಿ ಬದಲಿಸಿ, ಗೆರೆಗೆ ಗೆರೆ ಕೂಡಿಸಿ ಬಿಗಿದರು. ನಡುವೆ ತಪ್ಪಿದ್ದು ಒಂದೇ ಚಿತ್ರ. ಸಂಜೆ ಓಡಿಸಿ ನೋಡಿದಾಗ ಒಂಬತ್ತನೆಯ ಸೆಕೆಂಡು ಬರುತ್ತಿದ್ದಂತೆ ಎಲ್ಲರೂ ಉಸಿರು ಹಿಡಿದರು. ಗೋಡೆಯ ಮೇಲಿನ ನೀರಿನ ಕೊಳವೆ ಇದ್ದಲ್ಲಿಯೇ ಇತ್ತು. ಬೇವಿನ ನೆರಳು ಮಾತ್ರ ಅದನ್ನು ದಾಟಿ ಬಲಕ್ಕೆ ಸರಿಯಿತು.