ಪಿಯಾಚೆರೆ: ಇಟಾಲಿಯನ್ ಪಾಠ ಹೇಳುತ್ತಾ ಕಂಡದ್ದು

1. ತೊರಿನೊಗೋ ಮಿಲಾನೊಗೋ ಓದಲು ಹೊರಟ ನಮ್ಮ ಹುಡುಗರು ಮೊದಲು ಒಪ್ಪಿಸುವುದು ‘ಇಯೊ ಪಿಯಾಚ್ಚೊ ಇಲ್ ಕಾಫ್ಫೆ’ ಎಂದು. ‘ನಾನು’ ಕರ್ತೃ ಆಗಲೇಬೇಕೆಂಬುದು ಇಂಗ್ಲಿಷ್ ಹಚ್ಚಿದ ಚಟ. ಸರಿಯಾದದ್ದು ‘ಮಿ ಪಿಯಾಚೆ ಇಲ್ ಕಾಫ್ಫೆ’. ‘ಪಿಯಾಚೆರೆ’ ಅಂದರೆ ‘ಇಷ್ಟವಾಗು’, ಹಾಗಾಗಿ ಇಲ್ಲಿ ಕಾಫಿಯೇ ಕರ್ತೃ. ‘ಮಿ’ ಅಂದರೆ ‘ನನಗೆ’, ನಮ್ಮ ಚತುರ್ಥಿ. ‘ನನಗೆ ಕಾಫಿ ಇಷ್ಟ’ ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

2. ಎಡವುವುದು ಬಹುವಚನದಲ್ಲಿ. ನಮ್ಮ ‘ಇಷ್ಟ’ ಒಂದು ಪುಸ್ತಕಕ್ಕೂ ಅಷ್ಟೇ, ಹತ್ತಕ್ಕೂ ಅಷ್ಟೇ. ಅಲ್ಲಿ ಪುಸ್ತಕಗಳಾದರೆ ‘ಮಿ ಪಿಯಾಚ್ಚೊನೊ ಇ ಲೀಬ್ರಿ’. ಭೂತಕಾಲಕ್ಕೆ ಬಂದರೆ ಕನ್ನಡವೇ ಕೈಹಿಡಿಯುತ್ತದೆ: ಸಿನಿಮಾ ಇಷ್ಟವಾಯಿತು, ಫೋಟೋಗಳು ಇಷ್ಟವಾದವು. ಹಾಗೆಯೇ ‘ಮಿ ಎ ಪಿಯಾಚುತೊ ಇಲ್ ಫಿಲ್ಮ್’, ‘ಮಿ ಸೊನೊ ಪಿಯಾಚುತೆ ಲೆ ಫೋತೊ’. ಲಿಂಗವೂ ಸೇರಿಕೊಳ್ಳುತ್ತದೆ, ಫೋತೊ ಸ್ತ್ರೀಲಿಂಗ. ಸಹಾಯಕ ಕ್ರಿಯಾಪದವಾಗಿ ಬರುವುದು ‘ಎಸ್ಸೆರೆ’ (ಇರು), ‘ಆವೆರೆ’ (ಹೊಂದಿರು) ಅಲ್ಲ.

3. ‘ಓದುವುದು, ಸುತ್ತುವುದು ಇಷ್ಟ’ ಎನ್ನುವಾಗ ಎರಡಿದ್ದರೂ ‘ಪಿಯಾಚೆ’ ಏಕವಚನವೇ.

4. ‘ಪಿಯಾಚೆರೆ’ಯ ವರ್ತಮಾನದ ರೂಪಗಳು: ಪಿಯಾಚ್ಚೊ, ಪಿಯಾಚಿ, ಪಿಯಾಚೆ, ಪಿಯಾಚ್ಚಾಮೊ, ಪಿಯಾಚೆತೆ, ಪಿಯಾಚ್ಚೊನೊ. ಒತ್ತಕ್ಷರ ಎಲ್ಲಿದೆ ಗಮನಿಸಿ. ಕತೆ, ಕತ್ತೆ ಎರಡನ್ನೂ ಬೇರೆಬೇರೆ ಕೇಳಿಸಿಕೊಳ್ಳುವ ಕಿವಿ ನಮ್ಮದು, ಉಚ್ಚಾರ ತಪ್ಪಬೇಕಾದ್ದಿಲ್ಲ. ಆರನ್ನೂ ಉರು ಹೊಡೆಸುವುದು ನನಗೆ ಒಪ್ಪಿಗೆಯಿಲ್ಲ. ದಿನಬಳಕೆಗೆ ಮೂರನೆಯದು, ಆರನೆಯದು ಸಾಕು.

5. ಎರಡನೆಯದನ್ನು ಮಾತ್ರ ನೋಡಿಕೊಂಡು ಬಳಸಿ. ‘ಮಿ ಪಿಯಾಚಿ’ ಎಂದರೆ ‘ನೀನಂದ್ರೆ ನಂಗಿಷ್ಟ’. ಮನಸ್ಸು ಕೊಟ್ಟವರು ಆಡುವ ಮಾತಾಗಿಯೇ ಹೆಚ್ಚಾಗಿ ಕೇಳಿಸುತ್ತದೆ. ಮನೆ ಓನರಮ್ಮ ಒಳ್ಳೆಯವರು ಅನ್ನಿಸಿದರೆ ‘ಮಿ ಸ್ತಾ ಸಿಂಪಾತಿಕಾ’ ಅನ್ನಿ, ಬಚಾವ್. ಅವರನ್ನೇ ಕೇಳುವಾಗ ‘ತಿ ಪಿಯಾಚೆ?’ ಬೇಡ, ಅದು ‘ನಿನಗೆ’. ‘ನಿಮಗೆ’ ಅನ್ನಲು ‘ಲೆ ಪಿಯಾಚೆ?’

6. ಯಾರೋ ‘ಮಿ ಪಿಯಾಚೆ’ ಅಂದಾಗ ದನಿಗೂಡಿಸಲು ‘ಆಂಕಿಯೊ’ ಅಂದರೆ ‘ನಾನೂ’ ಅಂದಂತೆ. ಬೇಕಿರುವುದು ‘ನನಗೂ’: ‘ಆಂಕೆ ಆ ಮೆ’. ನನಗೂ ಇಷ್ಟವಿಲ್ಲ ಅನ್ನಲು ‘ನೆಆಂಕೆ ಆ ಮೆ’.

7. ಇದೇ ಜಾಡಿನ ಬಳಗ ದೊಡ್ಡದು. ‘ಮಿ ಬಾಸ್ತಾ’, ನನಗೆ ಸಾಕು. ‘ಮಿ ಸೆಂಬ್ರಾ’, ನನಗನ್ನಿಸುತ್ತೆ. ‘ಮಿ ಸೆರ್ವೆ’, ನನಗೆ ಬೇಕು. ‘ಮಿ ಮಾಂಕಿ’ ಬಂದಾಗ ಮಾತ್ರ ‘ಮಿಸ್ ಮಾಡ್ತೀನಿ’ ಎಂಬ ಬೆರಕೆ ಮಾತು ಅಡ್ಡ ಬಂದು, ‘ತಿ ಮಾಂಕೊ’ ಅಂದುಬಿಡುತ್ತಾರೆ. ಆಗ ಎದುರಿನವರು ನಮ್ಮನ್ನು ನೆನೆಯುತ್ತಿದ್ದಾರೆ ಎಂದಾಗುತ್ತದೆ. ‘ನೀನು ನನಗೆ ನೆನಪಾಗ್ತೀಯ’ ಎಂದು ಒಮ್ಮೆ ಹೇಳಿಸಿ ನೋಡಿ, ‘ಮಿ ಮಾಂಕಿ’ ತಾನಾಗಿ ಬರುತ್ತದೆ.