ವಿಮೆ ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ಟರೆ ಏನಾಗುತ್ತದೆ?



ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ವಿಮೆಯ ತತ್ವಗಳ ಪೈಕಿ ಮೊದಲು ಓದುವುದು ಪರಮ ಸದ್ಭಾವನೆಯ ತತ್ವ. ವಿಮೆ ಮಾಡಿಸುವವರು ತಮಗೆ ಗೊತ್ತಿರುವ ಮುಖ್ಯ ಸಂಗತಿಗಳನ್ನೆಲ್ಲ ಕಂಪನಿಗೆ ತಿಳಿಸಬೇಕು, ಕಂಪನಿಯೂ ಷರತ್ತುಗಳನ್ನು ಮರೆಮಾಚಬಾರದು ಎಂಬುದು ಇದರ ಅರ್ಥ. ಈಗ ಎಷ್ಟೋ ಮನೆಗಳಲ್ಲಿ ಆರೋಗ್ಯ ವಿಮೆಯ ಅರ್ಜಿಯನ್ನು ಮೊಬೈಲಿನಲ್ಲಿ ತುಂಬುವವರು ಮಕ್ಕಳೇ. ಹಾಗಾಗಿ ಈ ಪಾಠ ಪರೀಕ್ಷೆಗಷ್ಟೇ ಅಲ್ಲ, ಮನೆಗೂ ಬೇಕು.

ಮೊದಲೇ ಇದ್ದ ಕಾಯಿಲೆ ಎಂದರೇನು?

ಪಾಲಿಸಿ ಆರಂಭವಾಗುವ ಹಿಂದಿನ 36 ತಿಂಗಳೊಳಗೆ ವೈದ್ಯರು ಪತ್ತೆ ಹಚ್ಚಿದ, ಇಲ್ಲವೇ ಸಲಹೆ ಅಥವಾ ಚಿಕಿತ್ಸೆ ನೀಡಿದ ಕಾಯಿಲೆ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಆಸ್ತಮಾ ಸಾಮಾನ್ಯ ಉದಾಹರಣೆಗಳು. "ದಿನಕ್ಕೊಂದು ಮಾತ್ರೆ ಅಷ್ಟೇ, ಅದೇನು ಕಾಯಿಲೆಯೇ?" ಎನ್ನುವಂತಿಲ್ಲ. ಆ ಮಾತ್ರೆಯ ಚೀಟಿಯೇ ದಾಖಲೆ.

ಹೇಳಿದರೆ ಆಗುವ ನಷ್ಟವೇನು?

ಪ್ರೀಮಿಯಂ ಹೆಚ್ಚಾಗಬಹುದು. ಆ ಕಾಯಿಲೆಯ ಚಿಕಿತ್ಸೆಗೆ ಕಾಯಬೇಕಾಗಬಹುದು. ಈ ಕಾಯುವ ಅವಧಿ ಮೊದಲು ಗರಿಷ್ಠ 48 ತಿಂಗಳಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2024ರಲ್ಲಿ ಅದನ್ನು 36 ತಿಂಗಳಿಗೆ ಇಳಿಸಿತು. ಉದಾಹರಣೆಗೆ, 2025ರ ಜೂನ್‌ನಲ್ಲಿ ಸಕ್ಕರೆ ಕಾಯಿಲೆ ತಿಳಿಸಿ ಪಾಲಿಸಿ ಪಡೆದು, ತಪ್ಪದೆ ನವೀಕರಿಸಿದವರಿಗೆ 2028ರ ಜೂನ್ ಹೊತ್ತಿಗೆ ಅದರ ಚಿಕಿತ್ಸೆಗೂ ರಕ್ಷಣೆ ಸಿಗುತ್ತದೆ.

ಮುಚ್ಚಿಟ್ಟರೆ?

ಕ್ಲೇಮ್ ತಿರಸ್ಕೃತವಾಗಬಹುದು, ಪಾಲಿಸಿಯೇ ರದ್ದಾಗಬಹುದು. ಎರಡು ತೀರ್ಪುಗಳನ್ನು ಹೋಲಿಸಿ ನೋಡಿ.

ಒಬ್ಬರು 1990ರಲ್ಲಿ ಮೆಡಿಕ್ಲೇಮ್ ಪಾಲಿಸಿ ಪಡೆದು, ಅದೇ ವರ್ಷ ತೀರಿಕೊಂಡರು. ಅವರಿಗೆ ಹಳೆಯ ಸಕ್ಕರೆ ಕಾಯಿಲೆ, ಮೂತ್ರಪಿಂಡದ ವೈಫಲ್ಯ ಇದ್ದುದನ್ನು ಅರ್ಜಿಯಲ್ಲಿ ತಿಳಿಸಿರಲಿಲ್ಲ. ಪತ್ನಿಯ ಕ್ಲೇಮನ್ನು ಕಂಪನಿ ನಿರಾಕರಿಸಿದ್ದು ಸರಿ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇನ್ನೊಬ್ಬರು ಅಮೆರಿಕ ಪ್ರವಾಸಕ್ಕೆ ಪಾಲಿಸಿ ಪಡೆಯುವಾಗ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಸಿದ್ದರು. ಅಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾಯಿತು. ಕಂಪನಿ ಹಣ ಕೊಡಲಿಲ್ಲ. ತಿಳಿಸಿದ ಕಾಯಿಲೆಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಮೇಲೆ ಅದನ್ನೇ ನೆಪ ಮಾಡಿ ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ಅದೇ ಕೋರ್ಟ್ ತೀರ್ಪು ನೀಡಿತು.

ಅಂದರೆ ನಿಜ ಬರೆಯುವುದು ಕಂಪನಿಗೆ ಮಾಡುವ ಉಪಕಾರವಲ್ಲ, ನಮ್ಮ ಕೈಯಲ್ಲಿರುವ ಸಾಕ್ಷ್ಯ.

ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದರೆ ಹೊರತು, ಮಾಹಿತಿ ಕೊಟ್ಟಿಲ್ಲವೆಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ. ಇದನ್ನು ನಂಬಿ ಬೇಕೆಂದೇ ಮುಚ್ಚಿಡುವುದು ಅಪಾಯ. ಕಾಯಿಲೆ ಐದು ವರ್ಷ ಕಾಯುವುದಿಲ್ಲ. ಬೇಕೆಂದೇ ಮುಚ್ಚಿಟ್ಟದ್ದು ವಂಚನೆಯೂ ಆಗಬಹುದು.

ಮನೆಯಲ್ಲಿ ಮಾಡಬೇಕಾದ್ದು

1. ಅರ್ಜಿ ತುಂಬುವ ಮೊದಲು ಮನೆಯವರ ಔಷಧಿ ಚೀಟಿ, ಡಿಸ್ಚಾರ್ಜ್ ಸಮ್ಮರಿಗಳನ್ನು ಮುಂದಿಟ್ಟುಕೊಳ್ಳಿ.

2. "ಬಿಪಿ ಬರೆಯಬೇಡಿ, ನಾನು ನೋಡಿಕೊಳ್ಳುತ್ತೇನೆ" ಎಂದು ಏಜೆಂಟ್ ಹೇಳಿದರೆ ಒಪ್ಪಬೇಡಿ. ಸಹಿ ನಿಮ್ಮ ತಂದೆತಾಯಿಯದು.

3. ಪಾಲಿಸಿ ಕೈಗೆ ಬಂದ ಮೇಲೆ ಅದರೊಂದಿಗಿರುವ ಅರ್ಜಿಯ ಪ್ರತಿ ಓದಿ. ತಪ್ಪಿದ್ದರೆ ಕೂಡಲೇ ಬರಹದಲ್ಲಿ ತಿಳಿಸಿ. ಪಾಲಿಸಿ ಬೇಡವೆನಿಸಿದರೆ 30 ದಿನಗಳೊಳಗೆ ಹಿಂದಿರುಗಿಸಬಹುದು.

4. ಕ್ಲೇಮ್ ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೆ ದೂರು ಕೊಡಿ. ನ್ಯಾಯ ಸಿಗದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಬೆಂಗಳೂರಿನಲ್ಲಿ ಕಚೇರಿಯಿದೆ, ಶುಲ್ಕವಿಲ್ಲ.

ಯೋಚಿಸಿ ಉತ್ತರಿಸಿ

1. ಮೇಲಿನ ಎರಡು ತೀರ್ಪುಗಳಲ್ಲಿ ಫಲಿತಾಂಶ ಬೇರೆಯಾಗಲು ಕಾರಣವೇನು?

2. ನಿಮ್ಮ ಮನೆಯ ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟು? ಅರ್ಜಿಯಲ್ಲಿ ಬರೆದಿರುವುದು ನಿಜಕ್ಕೆ ಹೊಂದುತ್ತದೆಯೇ? ಇಂದೇ ತೆಗೆದು ನೋಡಿ.