ಕಿವಿಯೊಳಗೆ ಕಡ್ಡಿ ಬೇಡ: ಗುಗ್ಗೆ ನಿಭಾಯಿಸಲು ಒಂಬತ್ತು ಸೂತ್ರಗಳು

ಸ್ನಾನ ಮುಗಿಸಿ ಬಂದವರ ಕೈ ತಾನಾಗಿಯೇ ಇಯರ್ ಬಡ್ ಡಬ್ಬಿಯತ್ತ ಹೋಗುತ್ತದೆ. ಡಬ್ಬಿ ಇಲ್ಲದಿದ್ದರೆ ಬೆಂಕಿಕಡ್ಡಿ, ಹೇರ್‌ಪಿನ್, ಬೈಕಿನ ಕೀ, ಪೆನ್ನಿನ ಕ್ಯಾಪು. ಗುಗ್ಗೆಯಿಂದ ಕೆಡುವ ಕಿವಿಗಿಂತ ಅದನ್ನು ತೆಗೆಯಲು ಹೋಗಿ ಕೆಡುವ ಕಿವಿಯೇ ನನ್ನನ್ನು ಹೆಚ್ಚು ಕಾಡುತ್ತದೆ. ಏಕೆಂದರೆ ಆ ತೊಂದರೆ ಪೂರ್ತಿ ತಪ್ಪಿಸಬಹುದಾದದ್ದು.

1. ಗುಗ್ಗೆಯನ್ನು ಕೊಳೆ ಎಂದು ಎಣಿಸಬೇಡಿ

ಕಿವಿನಾಳದ ಚರ್ಮದಲ್ಲಿರುವ ಗ್ರಂಥಿಗಳ ಜಿಡ್ಡಿಗೆ ಉದುರಿದ ಚರ್ಮದ ಸಣ್ಣ ಹೊಟ್ಟು, ಕೂದಲು, ಧೂಳು ಸೇರಿ ಗುಗ್ಗೆಯಾಗುತ್ತದೆ. ಅದಕ್ಕೆ ತುಸು ಆಮ್ಲಗುಣವಿದೆ. ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅಲ್ಲಿ ಸುಲಭವಾಗಿ ಬೇರೂರಲಾರವು. ಜಿಡ್ಡಿರುವುದರಿಂದ ನೀರು ಚರ್ಮಕ್ಕೆ ಇಳಿಯುವುದಿಲ್ಲ. ಇದನ್ನೆಲ್ಲ ಕೆರೆದು ತೆಗೆದ ಕಿವಿ ಒಣಗುತ್ತದೆ, ಒಣಗಿದ ಚರ್ಮ ತುರಿಸುತ್ತದೆ, ತುರಿಕೆಗೆ ಮತ್ತೆ ಕಡ್ಡಿ ಹಾಕುತ್ತೇವೆ. ಬಣ್ಣ ನೋಡಿ ಗಾಬರಿಯಾಗುವುದೂ ಬೇಡ: ಹೊಸದು ಹಳದಿ, ಹಳತಾದಂತೆ ಕಂದು, ಆಮೇಲೆ ಕಪ್ಪು. ಚೀನಾ, ಜಪಾನ್, ಕೊರಿಯಾದ ಹೆಚ್ಚಿನವರಲ್ಲಿ ಅದು ಪುಡಿಪುಡಿಯಾಗಿ ಒಣಗಿರುತ್ತದೆ. ಒಣ ಗುಗ್ಗೆಗೂ ಅಂಟು ಗುಗ್ಗೆಗೂ ಇರುವ ವ್ಯತ್ಯಾಸ ಎಬಿಸಿಸಿ11 ಎಂಬ ಒಂದೇ ಜೀನಿನಿಂದ ಬರುತ್ತದೆ ಎಂದು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದರು.

2. ಕಿವಿಗೆ ತನ್ನ ಕೆಲಸ ಮಾಡಲು ಬಿಡಿ

ದೊಡ್ಡವರ ಕಿವಿನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಗುಗ್ಗೆ ತಯಾರಾಗುವುದು ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಒಳಗಿನ ಭಾಗದಲ್ಲಿ ಮೂಳೆಗೆ ಅಂಟಿಕೊಂಡ ತೆಳು ಚರ್ಮವಷ್ಟೇ ಇದೆ, ಅಲ್ಲಿ ಗುಗ್ಗೆಯ ಗ್ರಂಥಿಗಳಿಲ್ಲ. ಕಿವಿ ತಮಟೆಯ ಮೇಲಿನ ಚರ್ಮ ಉಗುರು ಬೆಳೆದಷ್ಟೇ ನಿಧಾನವಾಗಿ ಹೊರಮುಖವಾಗಿ ಸರಿಯುತ್ತಾ ಬರುತ್ತದೆ. ನಾವು ಅಗಿಯುವಾಗ, ಮಾತಾಡುವಾಗ ದವಡೆ ಆಡಿ ಅದಕ್ಕೆ ಸಹಾಯವಾಗುತ್ತದೆ. ಬಹುತೇಕರ ಗುಗ್ಗೆ ಹೀಗೆ ಯಾರ ಗಮನಕ್ಕೂ ಬಾರದೆ ಉದುರಿಹೋಗುತ್ತದೆ. ಹಾಗಾಗಿ ತಮಟೆಯ ಪಕ್ಕದಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಹೆಚ್ಚಿನ ಸಲ ಅದನ್ನು ಅಲ್ಲಿಗೆ ತಳ್ಳಿದವರು ನಾವೇ.

3. ಹತ್ತಿಯ ಕಡ್ಡಿಯೂ ಕಡ್ಡಿಯೇ

ಅಮೆರಿಕದಲ್ಲಿ ಲಿಯೊ ಗೆರ್ಸ್ಟೆನ್‌ಜಾಂಗ್ 1923ರಲ್ಲಿ ಹತ್ತಿಯ ಕಡ್ಡಿಗಳನ್ನು ಮಾರಾಟಕ್ಕೆ ತಂದದ್ದು ಎಳೆ ಮಕ್ಕಳ ಆರೈಕೆಗೆಂದು. ಇಂದು ಅಂಥ ಎಷ್ಟೋ ಡಬ್ಬಿಗಳ ಮೇಲೆ ಕಿವಿನಾಳದೊಳಗೆ ಹಾಕಬೇಡಿ ಎಂಬ ಎಚ್ಚರಿಕೆಯೇ ಇದೆ. ಕಡ್ಡಿಗೆ ಅಂಟಿ ಬರುವುದು ಸ್ವಲ್ಪ, ಒಳಕ್ಕೆ ಒತ್ತಿಹೋಗುವುದು ಹೆಚ್ಚು. ಕಡ್ಡಿ ಕಿವಿಯಲ್ಲಿರುವಾಗಲೇ ಮಗು ಓಡಿಬಂದು ಕೈಗೆ ಡಿಕ್ಕಿ ಹೊಡೆದರೆ ತಮಟೆ ಹರಿಯಬಹುದು, ಅದರ ಹಿಂದಿನ ಪುಟ್ಟ ಮೂಳೆಗಳ ಸರಪಳಿಯೂ ಜಾರಬಹುದು. ಆನ್‌ಲೈನಿನಲ್ಲಿ ಸಿಗುವ ಕ್ಯಾಮೆರಾ ಕಡ್ಡಿಗಳನ್ನೂ ನಾನು ಒಪ್ಪುವುದಿಲ್ಲ. ಮೊಬೈಲ್ ಪರದೆಯ ಚಿತ್ರದಲ್ಲಿ ತಮಟೆ ಎಷ್ಟು ದೂರವಿದೆ ಎಂದು ಅಂದಾಜಾಗುವುದಿಲ್ಲ.

4. ಟವೆಲ್ಲಿನ ತುದಿ ಸಾಕು

ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಕಿವಿಯ ಹಾಲೆ, ಹಿಂಬದಿ, ನಾಳದ ಬಾಯಿ ಒರೆಸಿ. ನೀರು ಹೋಗಿದ್ದರೆ ತಲೆ ಓರೆ ಮಾಡಿ ಇಳಿಸಿ. ದಿನದ ಕೆಲಸ ಇಷ್ಟೇ.

5. ಎಣ್ಣೆಯನ್ನು ತಲೆಗೆ ಹಚ್ಚಿ, ಕಿವಿಗೆ ಸುರಿಯಬೇಡಿ

ಈ ಮಾತಿನಿಂದ ಮನೆಯ ಹಿರಿಯರಿಗೆ ನೋವಾಗಬಹುದು, ಆದರೂ ಹೇಳಬೇಕು. ಕೂಸಿಗೆ ಎಣ್ಣೆ ನೀರು ಹಾಕುವಾಗ ಕಿವಿಗೂ ಎರಡು ಹನಿ ಬಿಡುವುದು, ಕಿವಿ ನೋವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು ಪ್ರೀತಿಯಿಂದ ಬಂದ ರೂಢಿ. ಆದರೆ ಬಿಸಿ ಎಣ್ಣೆ ಒಳಗಿನ ತೆಳು ಚರ್ಮವನ್ನು ಸುಡುತ್ತದೆ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನಡುಗಿವಿಗೇ ಇಳಿಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದ ತೇವದಲ್ಲಂತೂ ಕಿವಿಯೊಳಗೆ ಬೂಸ್ಟು ಬೆಳೆಯಲು ಹೇಳಿ ಮಾಡಿಸಿದ ಹವೆ ಇರುತ್ತದೆ. ತಡೆಯಲಾಗದ ತುರಿಕೆ, ಕಿವಿ ಕಟ್ಟುವುದು, ಒಳಗೆ ಬಿಳಿ ಅಥವಾ ಕಪ್ಪು ಚುಕ್ಕೆಯ ಒದ್ದೆ ಕಾಗದದಂಥ ಪದರ ಅದರ ಗುರುತು. ಅದನ್ನು ಗುಗ್ಗೆಯೆಂದು ತಿಳಿದು ಇನ್ನಷ್ಟು ಎಣ್ಣೆ ಬಿಟ್ಟು, ಇನ್ನಷ್ಟು ಕೆರೆದು ವಾಸಿಯಾಗಬೇಕಾದುದನ್ನು ವಾರಗಟ್ಟಲೆ ಎಳೆಯುವವರಿದ್ದಾರೆ.

6. ಕಿವಿ ಕಟ್ಟಿದರೆ ಮೊದಲು ಮೆತ್ತಗೆ ಮಾಡಿ

ದೀಪಾವಳಿಯ ಎಣ್ಣೆಸ್ನಾನದ ಬೆಳಿಗ್ಗೆ ಒಂದು ಕಿವಿ ಥಟ್ಟನೆ ಮುಚ್ಚಿಕೊಳ್ಳುವುದುಂಟು. ಒಳಗಿದ್ದ ಗುಗ್ಗೆ ನೀರು ಹೀರಿ ಉಬ್ಬಿ ಉಳಿದ ಸಂದನ್ನೂ ಮುಚ್ಚಿರುತ್ತದೆ. ಮಂದವಾಗಿ ಕೇಳುವುದು, ಗುಂಯ್‌ಗುಡುವುದು, ಕೆಲವರಿಗೆ ಕೆಮ್ಮು ಬರುವುದು ಇದರ ಲಕ್ಷಣಗಳು. ಕಿವಿಗೂ ಕೆಮ್ಮಿಗೂ ಏನು ಸಂಬಂಧ ಎನ್ನಬೇಡಿ, ಗಂಟಲಿಗೆ ಹೋಗುವ ವೇಗಸ್ ನರದ ಒಂದು ಕವಲು ಕಿವಿನಾಳಕ್ಕೂ ಬರುತ್ತದೆ.

ಮೆಡಿಕಲ್ ಶಾಪಿನಲ್ಲಿ ಗುಗ್ಗೆ ಕರಗಿಸುವ ಹನಿಗಳು ಸಿಗುತ್ತವೆ: ಸೋಡಿಯಂ ಬೈಕಾರ್ಬನೇಟ್ ಇರುವಂಥವು, ಡಾಕ್ಯುಸೇಟ್ ಅಥವಾ ಪ್ಯಾರಾಡೈಕ್ಲೋರೊಬೆಂಜೀನ್ ಇರುವಂಥವು. ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಮೈಬಿಸಿಗೆ ತನ್ನಿ. ಮಗ್ಗುಲಾಗಿ ಮಲಗಿ, ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹನಿ ಬಿಟ್ಟು ಐದು ನಿಮಿಷ ಹಾಗೇ ಇರಿ. ಮೂರರಿಂದ ಐದು ದಿನ ಹೀಗೆ ಮಾಡಬಹುದು. ಮೊದಲೆರಡು ದಿನ ಕಿವಿ ಇನ್ನಷ್ಟು ಮುಚ್ಚಿದಂತಾದರೆ ಹೆದರಬೇಡಿ, ಗುಗ್ಗೆ ನೆನೆಯುತ್ತಿದೆ. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಮಟೆಯಲ್ಲಿ ತೂತಿದ್ದರೆ ಅಥವಾ ಹಿಂದೆ ಕಿವಿಯ ಆಪರೇಷನ್ ಆಗಿದ್ದರೆ ಯಾವ ಹನಿಯನ್ನೂ ಬಿಡದೆ ನೇರ ವೈದ್ಯರಲ್ಲಿಗೆ ಹೋಗಿ.

7. ತೆಗೆಯುವ ಕೆಲಸ ಕಿವಿಯೊಳಗೆ ನೋಡಬಲ್ಲವರದು

ಇಎನ್‌ಟಿ ವೈದ್ಯರು ಬೆಳಕು ಬಿಟ್ಟು ನೋಡಿಕೊಂಡೇ ಸಕ್ಷನ್ನಿನಿಂದಲೋ, ಸಣ್ಣ ಕೊಕ್ಕೆಯಿಂದಲೋ, ನೀರು ಹಾಯಿಸಿಯೋ ತೆಗೆಯುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಅಂಥವರಿಗೆ ನೀರು ಹಾಯಿಸಿದ ಮೇಲೆ ಗಂಭೀರ ಸೋಂಕಿನ ಅಪಾಯ ಹೆಚ್ಚು.

ನೀರು ಸರಿಯಾಗಿ ಮೈಬಿಸಿಯಷ್ಟೇ ಇರಬೇಕು. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ಕಿವಿ ತೊಳೆಯುವಾಗ ರೋಗಿಗಳಿಗೆ ತಲೆ ಸುತ್ತುತ್ತಿತ್ತು. ತಣ್ಣೀರಿಗೆ ಕಣ್ಣುಗುಡ್ಡೆ ಒಂದು ದಿಕ್ಕಿಗೆ ಅದುರಿದರೆ ಹೆಚ್ಚು ಬಿಸಿ ನೀರಿಗೆ ಎದುರು ದಿಕ್ಕಿಗೆ ಅದುರುವುದನ್ನು ಅವರು ಗಮನಿಸಿದರು. ದೇಹದ ಸಮತೋಲ ಕಾಯುವ ಅಂಗ ಒಳಗಿವಿಯಲ್ಲಿದ್ದು ನೀರಿನ ಬಿಸಿಗೆ ಸ್ಪಂದಿಸುತ್ತದೆ ಎಂದು ಅಲ್ಲಿಂದ ತಿಳಿಯಿತು. ಆ ಸಂಶೋಧನೆಗೆ ಬಾರಾನಿಗೆ 1914ರ ನೊಬೆಲ್ ಪ್ರಶಸ್ತಿ ಬಂತು. ಮನೆಯಲ್ಲಿ ಸಿರಿಂಜ್ ಹಿಡಿದು ನಲ್ಲಿ ನೀರು ಪಿಚಕಾರಿ ಹೊಡೆಯುವವರು ಇದನ್ನು ನೆನಪಿಡಲಿ.

ಫುಟ್‌ಪಾತಿನಲ್ಲಿ ಕಿವಿ ಶುದ್ಧ ಮಾಡುವವರ ಕಡ್ಡಿ ಒಂದು ಕಿವಿಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ, ಬೇಡ. ಸ್ಪಾಗಳ ಇಯರ್ ಕ್ಯಾಂಡಲ್ ಗುಗ್ಗೆ ಹೀರುವುದೇ ಇಲ್ಲ. ಉರಿದ ಮೇಲೆ ಬುಡದಲ್ಲಿ ಉಳಿಯುವ ಕಂದು ಪುಡಿ ಆ ಮೇಣದಬತ್ತಿಯದ್ದೇ.

8. ಅಜ್ಜಿ ಮಾತು ಕೇಳುತ್ತಿಲ್ಲವೆಂದರೆ ಕಿವಿ ನೋಡಿಸಿ

ಅಮೆರಿಕದ ಇಎನ್‌ಟಿ ತಜ್ಞರ ಸಂಘದ 2017ರ ಮಾರ್ಗಸೂಚಿಯ ಪ್ರಕಾರ ಹತ್ತು ಮಕ್ಕಳಲ್ಲಿ ಒಬ್ಬರಿಗೆ, ಇಪ್ಪತ್ತು ವಯಸ್ಕರಲ್ಲಿ ಒಬ್ಬರಿಗೆ ಕಿವಿಯಲ್ಲಿ ಗುಗ್ಗೆ ತುಂಬಿ ತೊಂದರೆಯಾಗುತ್ತದೆ. ವೃದ್ಧರಲ್ಲಿ ಆ ಪ್ರಮಾಣ ಮೂರರಲ್ಲಿ ಒಂದನ್ನೂ ಮೀರುತ್ತದೆ. ವಯಸ್ಸಾದಂತೆ ಗುಗ್ಗೆ ಒಣಗಿ ಗಟ್ಟಿಯಾಗುತ್ತದೆ, ತಾನಾಗಿ ಹೊರಬರುವುದು ಕಡಿಮೆಯಾಗುತ್ತದೆ. ಕೂಗಿ ಕೂಗಿ ಸಾಕಾಗಿ ಅವರೊಂದಿಗೆ ಮಾತಾಡುವುದನ್ನೇ ಬಿಟ್ಟ ಮನೆಗಳಿವೆ. ವೈದ್ಯರ ಹತ್ತು ನಿಮಿಷದ ಕೆಲಸದಿಂದ ಸರಿಹೋಗಬಹುದಾದ ಕಿವುಡನ್ನು ಮುಪ್ಪೆಂದು ಒಪ್ಪಿಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ. ಹಿಯರಿಂಗ್ ಏಡ್ ಹಾಕುವವರು ಮೂರರಿಂದ ಆರು ತಿಂಗಳಿಗೊಮ್ಮೆ ಕಿವಿ ತೋರಿಸಬೇಕು. ಯಂತ್ರ ಶಿಳ್ಳೆ ಹೊಡೆಯುತ್ತಿದ್ದರೆ ರಿಪೇರಿಗೆ ಕೊಡುವ ಮೊದಲು ಗುಗ್ಗೆ ಇದೆಯೇ ಎಂದು ನೋಡಿಸಿ. ಶ್ರವಣ ಪರೀಕ್ಷೆಯೂ ಬೇಕೆನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಡುವೆಯೇ ಇದೆ.

9. ಎಲ್ಲವನ್ನೂ ಗುಗ್ಗೆಯ ಲೆಕ್ಕಕ್ಕೆ ಸೇರಿಸಬೇಡಿ

ಮಗು ಕಿವಿಗೆ ಅವರೆಕಾಳನ್ನೋ ಕಡಲೆಯನ್ನೋ ತುರುಕಿಕೊಂಡಿದ್ದರೆ ನೀರು ಹಾಕಬೇಡಿ, ಕಾಳು ಉಬ್ಬುತ್ತದೆ. ಗುಂಡಿ ಬ್ಯಾಟರಿಯಾದರೆ ಏನನ್ನೂ ಹಾಕದೆ ಆ ಕ್ಷಣವೇ ಆಸ್ಪತ್ರೆಗೆ ಓಡಿ, ಅದು ಕೆಲವೇ ಗಂಟೆಗಳಲ್ಲಿ ಒಳಗಿನ ಚರ್ಮವನ್ನು ಸುಡುತ್ತದೆ. ಜೀವಂತ ಹುಳ ಹೊಕ್ಕಿದ್ದರೆ, ತಮಟೆ ಸರಿಯಿದೆ ಎಂದು ಗೊತ್ತಿದ್ದರೆ ಮಾತ್ರ, ಬಿಸಿ ಮಾಡದ ಅಡುಗೆ ಎಣ್ಣೆ ಬಿಟ್ಟು ಹುಳ ಸಾಯಿಸಿ ಆಮೇಲೆ ವೈದ್ಯರಿಂದ ತೆಗೆಸಿ.

ಇನ್ನು, ಬೆಳಿಗ್ಗೆ ಏಳುವಾಗ ಒಂದು ಕಿವಿ ಕೇಳಿಸದಂತಾಗಿದ್ದರೆ ಹನಿ ಬಿಟ್ಟುಕೊಂಡು ವಾರ ಕಾಯಬೇಡಿ. ಬಾಯಿ ಮುಚ್ಚಿ 'ಹ್ಞೂಂ' ಎಂದು ಗುನುಗಿ ನೋಡಿ. ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯೋ ನೆಗಡಿಯೋ ಇರುವ ಸಂಭವ ಹೆಚ್ಚು. ಒಳ್ಳೆಯ ಕಿವಿಯ ಕಡೆಗೇ ವಾಲಿದರೆ ಒಳಗಿವಿಗೋ ನರಕ್ಕೋ ಪೆಟ್ಟಾಗಿರಬಹುದು. ಗುನುಗು ಏನೇ ಹೇಳಲಿ, ಆ ದಿನವೇ ಇಎನ್‌ಟಿ ವೈದ್ಯರಿಗೆ ತೋರಿಸಿ. ಹಠಾತ್ ಕಿವುಡಿಗೆ ಸ್ಟೀರಾಯ್ಡ್ ಚಿಕಿತ್ಸೆಯಿದೆ, ಮೊದಲ ಕೆಲವು ದಿನಗಳಲ್ಲೇ ಶುರುವಾದರೆ ಶ್ರವಣ ಮರಳುವ ಸಾಧ್ಯತೆ ಹೆಚ್ಚು.